ಖಾಲಿ ರೈಲಿನ ಮೂರು ಸುತ್ತು

ನನ್ನ ಮಗಳಿಗೆ ನಮ್ಮ ನೆಂಟರ ಮನೆಗಳಲ್ಲೆಲ್ಲ ಮೊದಲ ಊಟ. ಕೇಳಿದವರು ಎಂಥ ಮರ್ಯಾದೆ ಅಂದುಕೊಳ್ಳಬೇಕು. ಪಂಕ್ತಿ ಹಾಕುವುದಕ್ಕೆ ಒಂದು ತಾಸು ಮುಂಚೆ, ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಒಂದು ತಟ್ಟೆ ಇಟ್ಟು ಅವಳೊಬ್ಬಳಿಗೇ ಬಡಿಸಿಬಿಡುತ್ತಾರೆ. "ಪಾಪ, ಕೂಸಿಗೆ ಹಸಿವಾಗಿರ್ತೈತಿ, ಮೊದ್ಲ ಉಣಿಸಿಬಿಡವ್ವಾ" ಅನ್ನುತ್ತಾರೆ. ಹಸಿವು ಅವಳದಲ್ಲ, ಹೆದರಿಕೆ ಇವರದು. ಪಂಕ್ತಿಯ ನಡುವೆ ಅವಳು ಕಿರುಚಿದರೆ, ಪಕ್ಕದವರ ಎಲೆಯಿಂದ ಹಪ್ಪಳ ಎತ್ತಿಕೊಂಡರೆ, ಬೀಗರ ಮುಂದೆ ಮಾನ ಹೋಗುತ್ತದಲ್ಲ. ಅದಕ್ಕೆ ಮೊದಲೇ ಉಣಿಸಿ, ಬಾಯಿ ಒರೆಸಿ, ಮಹಡಿಯ ಮೇಲೆ ಕಳಿಸಿಬಿಡುವುದು.

ಅವಳಿಗೆ ಒಂಬತ್ತು ವರ್ಷ. ಆಟಿಸಂ ಎಂದು ಬಳ್ಳಾರಿಯ ಡಾಕ್ಟರು ಹೇಳಿದಾಗ ಮೂರು. ನಮ್ಮವರು ಇವತ್ತಿಗೂ ಅದನ್ನು ಹಟ ಎನ್ನುತ್ತಾರೆ. ಸ್ವಲ್ಪ ಕರುಣೆ ಇರುವವರು ದೃಷ್ಟಿ ತಾಗಿದೆ ಎನ್ನುತ್ತಾರೆ. ನಾನು ಸಿರುಗುಪ್ಪದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಕೋಪ ಮೊದಲಿನಿಂದಲೂ ನನ್ನ ಮೂಗಿನ ತುದಿಯಲ್ಲೇ ಇದ್ದದ್ದು. ಮಗಳು ಹುಟ್ಟಿದ ಮೇಲೆ ಅದು ಅಲ್ಲಿಂದ ಇಳಿದೇ ಇಲ್ಲ. ಬಸ್ಸಿನಲ್ಲಿ ಯಾರಾದರೂ ಅವಳ ಕಡೆ ತಿರುಗಿ ನೋಡಿದರೆ ಸಾಕು, "ಏನ್ ನೋಡ್ತೀರಿ, ಮಕ್ಕಳನ್ನ ಕಂಡಿಲ್ಲೇನು?" ಎಂದು ಜಗಳಕ್ಕೆ ನಿಲ್ಲುತ್ತೇನೆ. ನನ್ನ ಗಂಡ ನನ್ನ ಜೊತೆ ಬಸ್ಸು ಹತ್ತುವುದನ್ನೇ ಕಡಿಮೆ ಮಾಡಿದ್ದಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತೆ. ಒಮ್ಮೆ ಶಾಲೆಯ ಸಹೋದ್ಯೋಗಿಯೊಬ್ಬರು ನಗುತ್ತಾ ಅಂದರು. ಆಕೆಯ ಜೊತೆ ಮಾತು ಬಿಟ್ಟು ಮೂರು ವರ್ಷವಾಯಿತು, ಇಬ್ಬರೂ ಒಂದೇ ಸ್ಟಾಫ್ ರೂಮಿನಲ್ಲಿ ಕೂಡುತ್ತೇವೆ.

ಕಳೆದ ಬೇಸಿಗೆ ರಜೆಯಲ್ಲಿ ಕುರುಗೋಡಿನ ತವರಿನಲ್ಲಿ ತಮ್ಮನ ಕೂಸಿನ ತೊಟ್ಟಿಲು ಕಾರ್ಯ ಇತ್ತು. ಈ ಸಲ ಮಗಳನ್ನು ಎಲ್ಲರ ಸಾಲಿನಲ್ಲೇ ಕೂಡಿಸುತ್ತೇನೆ ಎಂದು ನಿರ್ಧಾರ ಮಾಡಿಕೊಂಡೇ ಹೋಗಿದ್ದೆ. ಹನ್ನೊಂದು ಗಂಟೆಗೆ ನನ್ನ ಹೆತ್ತ ತಾಯಿಯೇ ತಟ್ಟೆ ಹಿಡಿದು ಬಂದಳು. ಹೋಳಿಗೆ, ತುಪ್ಪ, ಬದನೆಕಾಯಿ ಪಲ್ಯ, ಎಲ್ಲವೂ ಇತ್ತು ತಟ್ಟೆಯಲ್ಲಿ.

"ಮೊದ್ಲ ಉಣಿಸಿಬಿಡು. ಬೀಗರು ಬರೂದ್ರಾಗ ಮುಗಿದ್ರ ನಿನಗೂ ಆರಾಮ."

"ಆಕಿ ಎಲ್ಲರ ಜೊತಿ ಉಣ್ತಾಳ."

"ಇವತ್ತೊಂದಿನ ಬ್ಯಾಡವ್ವಾ. ನಿನ್ನ ಕಾಲಿಗಿ ಬೀಳ್ತೀನಿ."

ತಾಯಿ ಮಗಳ ಕಾಲಿಗೆ ಬೀಳುವ ಮಾತಾಡಿದ ಮೇಲೆ ಇನ್ನೇನು ಉಳಿಯಿತು. ಹಿಂದಿನ ಕೋಣೆಯಲ್ಲಿ ಕೂತು ತುತ್ತು ಮಾಡಿ ಉಣಿಸಿದೆ. ಹೊರಗೆ ಸೋಬಾನೆ ಹಾಡುತ್ತಿದ್ದರು. ನಾನು ಅವತ್ತು ಉಣ್ಣಲಿಲ್ಲ, ಯಾರೂ ಕೇಳಲೂ ಇಲ್ಲ.

ಮಾರನೆಯ ದಿನ ಭಾನುವಾರ. ತಮ್ಮ ಎಲ್ಲರನ್ನೂ ಗಾಡಿಯಲ್ಲಿ ತುಂಬಿಕೊಂಡು ಬಳ್ಳಾರಿಯ ಹೊರಗಿರುವ ಥೀಮ್ ಪಾರ್ಕಿಗೆ ಕರೆದುಕೊಂಡು ಹೋದ. ಹಿಂದಿನ ದಿನದ್ದಕ್ಕೆ ಮುಲಾಮು ಹಚ್ಚುವ ಉಪಾಯ ಎಂದು ನನಗೆ ಗೊತ್ತಿತ್ತು. ಆದರೂ ಹೋದೆ. ಯಾಕೆಂದರೆ ಅಲ್ಲಿ ಒಂದು ಪುಟಾಣಿ ರೈಲು ಇದೆ ಎಂದು ಕೇಳಿದ್ದೆ. ನನ್ನ ಮಗಳಿಗೆ ಜಗತ್ತಿನಲ್ಲಿ ಬೇಕಾದದ್ದು ಎರಡೇ: ಸಾಲು ಮತ್ತು ಸುತ್ತು. ಬಾಟಲಿ ಮುಚ್ಚಳಗಳನ್ನು ಸಾಲಾಗಿ ಜೋಡಿಸುತ್ತಾಳೆ, ತಿರುಗುವ ಫ್ಯಾನಿನ ಕೆಳಗೆ ಮಲಗಿ ಗಂಟೆಗಟ್ಟಲೆ ನೋಡುತ್ತಾಳೆ. ರೈಲಿನಲ್ಲಿ ಎರಡೂ ಇವೆ. ಅವಳಾಡುವ ಹತ್ತಿಪ್ಪತ್ತು ಮಾತುಗಳಲ್ಲಿ ರೈಲು ಎಂಬುದೂ ಒಂದು.

ರೈಲನ್ನು ಕಂಡದ್ದೇ ನನ್ನ ಕೈ ಬಿಡಿಸಿಕೊಂಡು ಓಡಿದಳು. ಐದು ಡಬ್ಬಿ, ಕೆಂಪು ಬಣ್ಣ, ಕೊಳದ ಸುತ್ತ ಹಳಿ. ಕ್ಯೂ ದೊಡ್ಡದಿತ್ತು. ಬಿಸಿಲು, ರೈಲಿನ ಹಾರ್ನು, ಸ್ಪೀಕರಿನಲ್ಲಿ ತೆಲುಗು ಸಿನಿಮಾ ಹಾಡು, ಮಕ್ಕಳ ಗದ್ದಲ. ನಮ್ಮ ಸರದಿ ಬರುವ ಹೊತ್ತಿಗೆ ಅವಳು ನೆಲಕ್ಕೆ ಕುಸಿದು ಕಿರುಚತೊಡಗಿದಳು. ನಾನು ಎರಡೂ ಕೈ ಹಿಡಿದು ಎಳೆದೆ. ಅವಳು ಇನ್ನೂ ಜೋರಾಗಿ ಕಿರುಚಿದಳು. ಕ್ಯೂ ನಿಂತುಬಿಟ್ಟಿತು.

"ಇಂಥಾವ್ರನ್ನ ಯಾಕ ಕರ್ಕೊಂಡ್ ಬರ್ತಾರೋ, ನಾಕು ಮಂದಿಗಿ ತ್ರಾಸು" ಎಂದಳು ಹಿಂದಿದ್ದವಳು. ರೇಷ್ಮೆ ಸೀರೆ ಉಟ್ಟು ಥೀಮ್ ಪಾರ್ಕಿಗೆ ಬಂದಿದ್ದ ಹೆಂಗಸು. ನಾನು ತಿರುಗಿ ಏನೇನು ಅಂದೆನೋ, ಇಲ್ಲಿ ಬರೆಯುವಂತಿಲ್ಲ. ಶಾಲೆಯ ಮಕ್ಕಳು ಕೇಳಿದ್ದರೆ ನನ್ನ ಪಾಠ ಯಾರೂ ನಂಬುತ್ತಿರಲಿಲ್ಲ.

ತಮ್ಮ ಓಡಿ ಬಂದ. "ಅಕ್ಕಾ, ನೀ ಆಕೀನ್ನ ಕರ್ಕೊಂಡು ಗಾಡ್ಯಾಗ ಕುಂದ್ರು. ನಾವು ಲಗೂನ ಮುಗಿಸ್ಕೊಂಡ್ ಬರ್ತೀವಿ."

ಆಗ ರೈಲು ನಡೆಸುವವನು ಇಂಜಿನ್ ಡಬ್ಬಿಯಿಂದ ಇಳಿದು ನಮ್ಮ ಹತ್ತಿರ ಬಂದ. ಐವತ್ತರ ಆಸುಪಾಸಿನ ಮನುಷ್ಯ. ನೀಲಿ ಅಂಗಿ, ತಲೆಗೆ ಬಿಸಿಲಿಗೆಂದು ಕಟ್ಟಿದ ಟವೆಲ್ಲು. ಮಗಳಿಂದ ನಾಲ್ಕು ಹೆಜ್ಜೆ ದೂರದಲ್ಲೇ ನಿಂತು ನನಗೆ ಮಾತ್ರ ಕೇಳುವಂತೆ ಹೇಳಿದ.

"ಮೇಡಂ, ನಾಳೆ ಮುಂಜಾನಿ ಗೇಟ್ ತೆಗಿಯೂಕಿಂತ ಮೊದ್ಲ ಬರ್ರಿ. ಹತ್ತಕ್ಕ ತೆಗೀತಾರ, ನೀವು ಒಂಬತ್ತೂವರಿಗಿ ಬರ್ರಿ. ಯಾರೂ ಇರಂಗಿಲ್ಲ."

ಮೊದಲು ಬರ್ರಿ. ಯಾರೂ ಇರಂಗಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. ಮನೆಯವರು ಮಾಡಿದ್ದು ಸಾಲದು ಅಂತ ಈಗ ಇವನೂ. ಹಿಂದಿನ ಕೋಣೆಯ ತಟ್ಟೆಯನ್ನೇ ಹಿಡಿದು ಬಂದಿದ್ದಾನೆ ಅನ್ನಿಸಿತು.

"ಯಾರೂ ಇಲ್ಲದಾಗ ಕದ್ದು ಬರಾಕ ನನ್ನ ಮಗಳೇನು ಕಳ್ಳಿ ಅದಾಳೇನ್ರಿ? ನಿಮ್ಮ ಗಿರಾಕಿಗೆ ಕಾಣಬಾರದು, ಅಲ್ಲಾ? ಆಕೀನ ಮುಖ ನೋಡಿದ್ರ ನಿಮ್ಮ ಹಳಿ ಮುರೀತೈತೇನು?"

ಅವನು ಎಲ್ಲ ಕೇಳಿಸಿಕೊಂಡು, "ದಿನಾ ಮುಂಜಾನಿ ಖಾಲಿ ರೈಲು ಮೂರು ಸುತ್ತು ಹೊಡಸ್ತೀವ್ರಿ, ಟೆಸ್ಟಿಂಗಿಗಿ. ಬಂದ್ರ ಬರ್ರಿ" ಎಂದು ಹೇಳಿ ಇಂಜಿನ್ನಿಗೆ ಹೋಗಿ ಕೂತ. ನಾನು ಗಾಡಿಯಲ್ಲಿ ಕೂತು ಎರಡು ತಾಸು ಅವನನ್ನು ಬೈದೆ.

ಸೋಮವಾರ ಬೆಳಿಗ್ಗೆ ಸಿರುಗುಪ್ಪಕ್ಕೆ ಹಿಂದಿರುಗುವುದಿತ್ತು. ಎದ್ದು ನೋಡಿದರೆ ತವರುಮನೆಯ ಪಡಸಾಲೆಯಲ್ಲಿ ಅಷ್ಟೂ ನೆಂಟರ ಚಪ್ಪಲಿಗಳು ಒಂದರ ಹಿಂದೆ ಒಂದು ನಿಂತಿದ್ದವು. ಸಾಲಿನ ಕೊನೆಗೆ ತನ್ನ ಚಪ್ಪಲಿ ಹಾಕಿಕೊಂಡು ಮಗಳು ನಿಂತಿದ್ದಳು. "ರೈಲು" ಎಂದಳು. ಸ್ನಾನ ಮಾಡಿಸುವಾಗ ರೈಲು, ತಿಂಡಿಗೆ ಕೂತಾಗ ರೈಲು. ಬಸ್ ಸ್ಟ್ಯಾಂಡಿನಲ್ಲಿ ನಿಂತಾಗಲೂ ಅದೇ. ನನ್ನ ಕಾಲು ಬಳ್ಳಾರಿಯ ಬಸ್ಸನ್ನೇ ಹತ್ತಿತು. ಮಗಳಿಗಾಗಿ ಎಂದು ಹೇಳಿಕೊಂಡರೆ ಅರ್ಧ ಸುಳ್ಳು. ಆ ಪಾರ್ಕಿನ ಮ್ಯಾನೇಜರನಿಗೆ ಕೊಡಬೇಕಾದ ದೂರನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬರೆದುಕೊಂಡು ಹೋದೆ. ಇಷ್ಟು ಶುದ್ಧ ಕನ್ನಡದಲ್ಲಿ ನಾನು ಹಿಂದೆಂದೂ ಬೈದಿರಲಿಲ್ಲ.

ಗೇಟಿನ ಹೆಂಗಸು ನಮ್ಮನ್ನು ದೂರದಿಂದಲೇ ಗುರುತಿಸಿದಳು. "ರೈಲಿನ ಹುಡುಗಿ ಏನ್ರಿ? ಹೋಗ್ರಿ, ಹೇಳ್ಯಾರ" ಎಂದು ಪಕ್ಕದ ಚಿಕ್ಕ ಬಾಗಿಲು ತೆಗೆದಳು. ಮಗಳ ಗಲ್ಲ ಹಿಂಡಲಿಲ್ಲ, ಹೆಸರು ಕೇಳಲಿಲ್ಲ. ಒಳಗೆ ಹಾಡು ಇರಲಿಲ್ಲ. ಕಸ ಗುಡಿಸುವ ಪೊರಕೆಯ ಸದ್ದಷ್ಟೇ ಕೇಳುತ್ತಿತ್ತು.

ರೈಲಿನವನು ಸೀಟುಗಳ ಮೇಲೆ ಡಬ್ಬಿಗೆ ಎರಡರಂತೆ ಮರಳು ತುಂಬಿದ ಚೀಲಗಳನ್ನು ಕೂಡಿಸುತ್ತಿದ್ದ. ಹಳೆಯ ಅಕ್ಕಿ ಚೀಲಗಳು, ನಮ್ಮ ಸಿರುಗುಪ್ಪದ ಮಿಲ್ಲಿನವೇ. ಭಾರ ಇಲ್ಲದೆ ಓಡಿಸಿದರೆ ತಪ್ಪು ಎಲ್ಲಿದೆ ಎಂದು ತಿಳಿಯುವುದಿಲ್ಲವಂತೆ. ನನ್ನನ್ನು ನೋಡಿ ತಲೆ ಆಡಿಸಿದ, ನಿನ್ನೆಯ ಮಾತು ಎತ್ತಲಿಲ್ಲ. ನಾನು ತಂದಿದ್ದ ದೂರು ಬಾಯಲ್ಲೇ ಉಳಿಯಿತು.

ಮೊದಲ ಸುತ್ತು. ಚೀಲಗಳು ಗಂಭೀರವಾಗಿ ಕೂತು ಕೊಳ ಸುತ್ತಿ ಬಂದವು. ಮಗಳು ಹಳಿಯ ಪಕ್ಕ ನಿಂತು ಗಾಲಿಗಳನ್ನು ನೋಡಿದಳು. ಎರಡನೆಯ ಸುತ್ತು. ಅವಳು ಒಂದು ಹೆಜ್ಜೆ ಮುಂದೆ ಬಂದಳು. ನಾನು "ಹೋಗು, ಹತ್ತು, ಹೋಗು" ಎಂದು ಬೆನ್ನಿಗೆ ಕೈ ಹಾಕಿದೆ.

"ಬಿಡ್ರಿ ಮೇಡಂ" ಎಂದ ಅವನು.

ರೈಲು ನಿಂತ ಮೇಲೆ ಕೊನೆಯ ಡಬ್ಬಿಯಿಂದ ಒಂದೇ ಒಂದು ಚೀಲವನ್ನು ಇಳಿಸಿ, ಆ ಜಾಗ ಖಾಲಿ ಬಿಟ್ಟು, ಇಂಜಿನ್ನಿಗೆ ಹೋಗಿ ನಮಗೆ ಬೆನ್ನು ಹಾಕಿ ಕೂತ. ಕರೆಯಲಿಲ್ಲ. ಚಾಕಲೇಟು ತೋರಿಸಲಿಲ್ಲ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ನನಗಂತೂ ಒಂದು ಪೀರಿಯಡ್ ಕಳೆದಂತೆ ಆಯಿತು. ಸಾಲಿನಲ್ಲಿ ಒಂದು ಜಾಗ ಖಾಲಿ ಇರುವುದು ನನ್ನ ಮಗಳಿಗೆ ಸಹಿಸಲಾಗುವುದಿಲ್ಲ. ತಾನೇ ಹೋಗಿ ಕೂತಳು.

ನಾನೂ ಹತ್ತಲು ಓಡಿದೆ. ಅವನು ತಿರುಗಿ ನೋಡದೆಯೇ ಹೇಳಿದ. "ಬೆಲ್ಟ್ ನೀವ ಹಾಕ್ರಿ. ನಾ ಮುಟ್ಟಿದ್ರ ಅಂಜ್ತಾಳ. ಹಾಕಿ ಕೆಳಗ ನಿಲ್ರಿ. ಮೆಲ್ಲಕ ಹೊಡಿತೀನಿ."

ಮೂರನೆಯ ಸುತ್ತು. ಒಂಬತ್ತು ಮರಳಿನ ಚೀಲ, ಒಬ್ಬಳು ಹುಡುಗಿ. ಕಿರುಚಲಿಲ್ಲ, ಅಳಲಿಲ್ಲ. ಪಕ್ಕದ ಚೀಲದ ಮೇಲೆ ಎರಡೂ ಕೈ ಇಟ್ಟುಕೊಂಡು ಗಾಲಿಯ ಕಡೆ ಬಗ್ಗಿ ನೋಡುತ್ತಾ ಹೋದಳು. ಕೊಳದ ಆ ಬದಿ ತಿರುಗುವಾಗ ಅವಳ ನಗು ಕೇಳಿಸಿತು. ಮನೆಯಲ್ಲಿ ಫ್ಯಾನಿನ ಕೆಳಗೆ ಮಾತ್ರ ನಗುವ ನಗು. ನಾನು ಹೊರಗೆ ನಿಂತು ಅತ್ತೆ. ಅಳು ಬಂದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟೂ ಬಂತು.

ರೈಲು ನಿಂತಿತು, ಅವಳು ಇಳಿಯಲಿಲ್ಲ. ಅವನು ಇನ್ನೊಂದು ಸುತ್ತು ಹೊಡೆಸಿದ. ಆಮೇಲೆ ಇಂಜಿನ್ನಿನ ಕೆಳಗೆ ಬಗ್ಗಿ ಒಂದು ವೈರನ್ನು ತೋರಿಸಿದ.

"ಹಾರ್ನಿನ ವೈರು ತೆಗ್ದಿದ್ದೆ ಮೇಡಂ. ನಿನ್ನಿ ನಾ ನೋಡ್ತಿದ್ದೆ. ಆಕಿ ಮಂದಿಗಿ ಅಂಜಿಲ್ಲ. ನಾ ಹಾರ್ನಿಗಿ ಕೈ ಎತ್ತೂದ್ರಾಗ ಎರಡೂ ಕಿವಿ ಮುಚ್ಕೊಂತಿದ್ಲು. ನೀವು ಕೈ ಹಿಡಿದು ಎಳಿದ್ರಲ್ಲ, ಆವಾಗ ಕಿವಿ ಬಯಲಾತು. ಅದಕ್ಕ ಇನ್ನೂ ಜೋರ್ ಚೀರಿದ್ಲು."

ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಅವನೇ ಕೇಳಿದ.

"ಮನ್ಯಾಗ ಯಾವ್ಯಾವ ಸಪ್ಪಳ ಆಗಂಗಿಲ್ರಿ ಆಕಿಗಿ?"

ಹೆತ್ತು ಒಂಬತ್ತು ವರ್ಷ ಸಾಕಿದವಳಿಗೆ ಉತ್ತರ ಗೊತ್ತಿರಲಿಲ್ಲ. ಅವನಿಗೂ ಇಂಥ ಮಗು ಇರಬೇಕು, ಇಲ್ಲದಿದ್ದರೆ ಹೇಗೆ ತಿಳಿಯುತ್ತದೆ ಎಂದು ಸಮಾಧಾನ ಹುಡುಕಿದೆ. ಕೇಳಿಯೂಬಿಟ್ಟೆ.

"ಇಲ್ರಿ. ಹ್ವಾದ ವರ್ಷ ರೂಪನಗುಡಿ ಕಡಿಯಿಂದ ಒಬ್ಬ ತಾಯಿ ಬಂದಿದ್ಲು, ಕೂಲಿ ಮಾಡಾಕಿ. ನನ್ನ ಮಗಗ ಗದ್ದಲ ಆಗಂಗಿಲ್ಲಪ್ಪಾ, ಏನರ ಮಾಡಾಕ ಬರ್ತೈತೇನು ಅಂತ ಕೇಳಿದ್ಲು. ಆವತ್ತಿಂದ ಇಂಥಾ ಮಕ್ಕಳು ಯಾರ ಬಂದ್ರೂ ಹಂಗ ಮಾಡ್ತೀವಿ. ಗೇಟಿನಾಕಿಗೂ ಹೇಳೀವಿ."

ಅಷ್ಟೇ. ಆಕೆ ಕೇಳಿದಳು. ನಾನು ಊರಿಗೆಲ್ಲ ಬೈದೆ, ಯಾರನ್ನೂ ಏನೂ ಕೇಳಲಿಲ್ಲ. ಮಗಳನ್ನಂತೂ ಕೇಳಲೇ ಇಲ್ಲ. ಶಾಲೆಯ ಗ್ರೂಪ್ ಫೋಟೋದಲ್ಲಿ, ಮದುವೆಯ ವಾಲಗದ ಮುಂದೆ, ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ ಅವಳು ಕಿವಿ ಮುಚ್ಚಿಕೊಂಡಾಗಲೆಲ್ಲ "ಕೈ ಇಳಸು, ಮಂದಿ ನೋಡ್ತಾರ" ಎಂದು ಎಳೆದವಳು ನಾನು. ಮನೆಯಲ್ಲಿ ಸ್ಕೇಲಿನಿಂದ ಹೊಡೆದದ್ದೂ ಉಂಟು, ಬೆರಳಿನ ಗೆಣ್ಣಿನ ಮೇಲೆ. ತಿದ್ದುತ್ತಿದ್ದೇನೆ ಎಂದುಕೊಂಡಿದ್ದೆ. ಮಂದಿಯ ನೋಟಕ್ಕೆ ಜಗಳ ತೆಗೆಯುವ ನಾನೇ ಮಂದಿಯ ನೋಟಕ್ಕೆ ಹೆದರಿ ಅವಳ ಕಿವಿ ಬಿಚ್ಚಿಸುತ್ತಿದ್ದೆ. ಈ ಸಿಟ್ಟನ್ನು ಯಾರ ಮೇಲೆ ಹಾಕಲಿ? ಈ ಸಲ ಅಕ್ಕಪಕ್ಕ ಯಾರೂ ಸಿಗಲಿಲ್ಲ.

ಹತ್ತು ಗಂಟೆಯಾಗುತ್ತಾ ಬಂತು. ಗೇಟಿನ ಹೊರಗೆ ಮಕ್ಕಳ ಗಲಾಟೆ ಶುರುವಾಯಿತು. ಹಾರ್ನ್ ಇಲ್ಲದಿದ್ದರೆ ಉಳಿದ ಮಕ್ಕಳು ರೈಲೇ ಅಲ್ಲ ಅನ್ನುತ್ತಾರಂತೆ, ಅದಕ್ಕೆ ಅವನು ವೈರ್ ಮತ್ತೆ ಜೋಡಿಸಬೇಕಿತ್ತು. "ನೀವು ಹೊರಗ ಹೋಗೂತನಕ ಹಚ್ಚಂಗಿಲ್ಲ. ನಿಧಾನ ಹೋಗ್ರಿ" ಎಂದ. ನಿನ್ನೆ ಅಂದದ್ದಕ್ಕೆ ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದೆ. "ಹೋಗ್ರಿ ಮೇಡಂ, ಬಿಸಿಲಾಗ್ತೈತಿ" ಎಂದು ಚೀಲ ಇಳಿಸಲು ಹೋಗಿಬಿಟ್ಟ.

ಚಿಕ್ಕ ಬಾಗಿಲು ದಾಟಿ ರಸ್ತೆಯವರೆಗೆ ಬಂದೆವು. ಆಟೋಕ್ಕೆ ಕಾಯುತ್ತಾ ಹತ್ತಾರು ಜನ ನಿಂತಿದ್ದರು. ಎದುರಿನಿಂದ ಒಂದು ಲಾರಿ ಹಾರ್ನ್ ಹೊಡೆಯುತ್ತಾ ಬಂತು. ಮಗಳ ಎರಡೂ ಕೈ ಕಿವಿಗೆ ಹೋದವು. ಜನ ತಿರುಗಿ ನೋಡಿದರು. ನನ್ನ ಕೈಯೂ ಎದ್ದಿತ್ತು, ಎಳೆಯುವುದಕ್ಕೆ. ಇಷ್ಟೆಲ್ಲ ಕೇಳಿ ಬಂದು ಹತ್ತು ನಿಮಿಷವೂ ಆಗಿರಲಿಲ್ಲ. ಆ ಕೈಯನ್ನು ನನ್ನ ಇನ್ನೊಂದು ಕೈಯಿಂದ ಬಿಗಿಯಾಗಿ ಹಿಡಿದುಕೊಂಡು, ಲಾರಿ ದಾಟುವ ತನಕ ಹಾಗೆಯೇ ನಿಂತೆ.