ದೊಡ್ಡಪ್ಪನ ಅಳತೆ, ದೊಡ್ಡಮ್ಮನ ಈಡು

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಬ್ಯಾಟರಿ ರಿಪೇರಿಯವನೊಬ್ಬ ಮೊನ್ನೆ ಸೀಸ ಕರಗಿಸುತ್ತಿದ್ದ. ಆ ಬಿಸಿ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ಕಮ್ಮರಡಿಯ ನಮ್ಮ ಹಳೇ ಮನೆಯ ಹಿತ್ತಲಲ್ಲಿ, ಲಂಗದ ಅಂಚು ಕಚ್ಚಿಕೊಂಡು ನಿಂತಿದ್ದೆ. ನಿಮಗೂ ಹೀಗಾಗಿರಬಹುದು, ವಾಸನೆಯೊಂದು ಕೈಹಿಡಿದು ಕರೆದೊಯ್ಯುವ ಮನೆ ಈಗ ಇರುವುದೇ ಇಲ್ಲ. ಬೇಸಿಗೆಯ ಮಧ್ಯಾಹ್ನ. ಒಲೆಯ ಮುಂದೆ ದೊಡ್ಡಮ್ಮ. ಹರಿದ ಮೀನುಬಲೆಯಿಂದ ಬಿಚ್ಚಿದ ಸೀಸದ ಮಣಿಗಳು ಕಬ್ಬಿಣದ ಸೌಟಿನಲ್ಲಿ ಮೆಲ್ಲನೆ ಮೈಬಿಟ್ಟು ಒಂದಾಗುತ್ತಿದ್ದವು. ಬೆಂಕಿಯೂ ಅವಳ ಮುಖವೂ ಅದರಲ್ಲಿ ಕಾಣುತ್ತಿದ್ದವು. ಉಸಿರು ಬಿಗಿಹಿಡಿದು ಅಚ್ಚಿಗೆ ಹೊಯ್ಯುವಳು. ಅಚ್ಚು ಬಿಡಿಸಿದರೆ ಬೂದುಬಣ್ಣದ ಗುಂಡೊಂದು ಗೋಣಿಯ ಮೇಲೆ ಉರುಳುತ್ತಿತ್ತು.

ಕೋವಿ ದೊಡ್ಡಪ್ಪನದು. ಅವರು ತೀರಿಕೊಂಡ ವರ್ಷ ಕಾಡಿನಂಚಿನ ಗದ್ದೆಗೆ ಹಂದಿಗಳು ನುಗ್ಗಿ, ತೆನೆ ಕಟ್ಟಿದ ಭತ್ತದಲ್ಲೆಲ್ಲ ಹೊರಳಾಡಿ ಹಾಳುಮಾಡಿದ್ದವು. "ಇನ್ನು ಆ ಗದ್ದೆ ಪಾಳು ಬಿಡೋದೇ ಸೈ ಅತ್ತಿಗೆ. ಕೋವಿನೂ ಸ್ಟೇಷನ್ನಿಗೆ ಕೊಟ್ಟುಬಿಡಾಣ," ಅಂದಿದ್ದರು ನನ್ನ ಅಪ್ಪ. ಗಂಡ ಹೆಂಡತಿ ಇಬ್ಬರೇ ಕಲ್ಲು ಹೊತ್ತು ಮಾಡಿದ ಗದ್ದೆ ಅದು. ದೊಡ್ಡಮ್ಮ ಕಚೇರಿಯಿಂದ ಕಚೇರಿಗೆ ಅಲೆದಾಡಿ ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಂಡು ಬಂದಳು.

ಮೊದಲ ದಿನ, ದೊಡ್ಡಪ್ಪ ಕೋವಿಮದ್ದು ಅಳೆಯುತ್ತಿದ್ದ ಬಿದಿರಿನ ಕೊಳವೆಯನ್ನು ಹಾಗೇ ತುಂಬಿ ಈಡು ಹೊಡೆದಳು. ಕೋವಿ ಒದ್ದ ರಭಸಕ್ಕೆ ಅಂಗಾತ ಬಿದ್ದಳು. ಗುರಿಗೆಂದು ತೂಗುಬಿಟ್ಟ ಅಡಿಕೆ ಹಾಳೆ ಅಲುಗಲೂ ಇಲ್ಲ. ಹೆಗಲು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. "ಸಾಕಕ್ಕ, ಬಿಟ್ಟುಬಿಡಿ," ಎಂದು ಎಣ್ಣೆ ಹಚ್ಚುತ್ತಾ ಅಮ್ಮ ಅತ್ತಳು.

"ಈ ಅಳತೆ ಅವರ ಹೆಗಲಿಂದು ಕಣೇ," ಅಂದಳು ದೊಡ್ಡಮ್ಮ. "ಬಲೆಯ ಈ ಸೀಸನೂ ಅವರು ಹಾಕ್ತಿದ್ದದ್ದಲ್ಲ, ಬರೀ ಮೆತ್ತಗೆ, ಇಷ್ಟು ಮದ್ದು ತಡೆಯಲ್ಲ. ನಂದು ಬೇರೆ ಆಗ್ಬೇಕು."

ಕೊಳವೆಯನ್ನು ಕೊಯ್ದು ಗಿಡ್ಡ ಮಾಡಬಹುದಿತ್ತು. ಅವಳಿಗೆ ಮನಸ್ಸು ಬರಲಿಲ್ಲ. ಜೇನುಮೇಣ ಕರಗಿಸಿ ತಳಕ್ಕೆ ಹನಿಸಿದಳು. ಮದ್ದು ಹಿಡಿಯುವ ಜಾಗ ಅಷ್ಟು ಕಿರಿದಾಯಿತು. ಹೊಡೆದು ನೋಡುವುದು, ಮತ್ತೆ ಹನಿಸುವುದು. ಗುಂಡು ಹಾಳೆ ಮುಟ್ಟದೆ ಮಣ್ಣು ಸೇರಿದರೆ ಚೂರು ಮೇಣ ಕೆರೆಯುವುದು. ಆ ಬೇಸಿಗೆಯೆಲ್ಲ ಹಾಗೇ ಹೊಗೆಯ ನೀಲಿ ಎಳೆಗಳಲ್ಲಿ, ಅರೆನಿದ್ದೆಯಲ್ಲಿ ಕಂಡಂತೆ ಕಳೆಯಿತು. ಒಂದು ಸಂಜೆ ಹಾಳೆ ಪಟ್ಟನೆ ಗಿರಕಿ ಹೊಡೆಯಿತು. ಅಪ್ಪ ನಡೆದುಹೋಗಿ ಅದರ ತೂತಿಗೆ ಬೆರಳಿಟ್ಟು ನೋಡಿದರು.

"ಆ ಗದ್ದೆಗೂ ಬೀಜ ನೆನೆಸ್ತೀನಿ ಅತ್ತಿಗೆ," ಅಂದರು.

ದೊಡ್ಡಮ್ಮ ಒಂದು ಹಂದಿಯನ್ನೂ ಕೊಲ್ಲಲಿಲ್ಲ. ಗದ್ದೆ ಕಾಯುವ ಮಾಳದಲ್ಲಿ ಕೂತು ಈಡು ಹಾರಿಸಿದರೆ ಅವು ಕಾಡಿಗೆ ಓಡುತ್ತಿದ್ದವು, ಅಷ್ಟೇ. ಅಷ್ಟೇ ಸಾಕಾಯಿತು. ಕೊಯ್ಲಿನ ದಿನ ಅಪ್ಪ ಮೊದಲ ಹೊರೆ ಹೊತ್ತು ಗದ್ದೆಯಂಚಿನ ಮೇಲೆ ಬರುವಾಗ ಕಾಲುಜಾರಿ, ಹೊರೆಯ ಮೇಲೆಯೇ ಕೂತುಬಿಟ್ಟರು. "ಹೊರೆ ಹೊರ್ತೀಯೋ, ಅದರ ಮೇಲೆ ಕೂರ್ತೀಯೋ ಮಾರಾಯ?" ಎಂದು ದೊಡ್ಡಮ್ಮ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ದೊಡ್ಡಪ್ಪ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಅಪ್ಪ ಏಳಲೇ ಇಲ್ಲ, ಕೂತಲ್ಲೇ ಕೂತು ಕೇಳಿಸಿಕೊಂಡರು. ಆ ನಗು ಕೇಳಿದವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ.