ತೊಳೆದ ಕಂಬಳಿ ಹೊತ್ತು ಗದ್ವಾಲಿಗೆ

ಹೈದರಾಬಾದಿನ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲಿನ ಎರಡನೆಯ ಚಳಿಗಾಲ. ಒಂದು ಸೋಮವಾರ ಬೆಳಗಿನ ಏಳು ಗಂಟೆಗೆ ನಾನು, ನಮ್ಮಪ್ಪ ಇಬ್ಬರೂ ನಾರಾಯಣಪೇಟೆಯಿಂದ ಗದ್ವಾಲಿಗೆ ಕಾಲ್ನಡಿಗೆಯಲ್ಲಿ ಹೊರಟೆವು. ಮಕ್ತಲ್ ಹಾಯ್ದು, ಕೃಷ್ಣೆ ದಾಟಿ, ಸುಮಾರು ನಲವತ್ತು ಮೈಲು. ಮೂರು ರಾತ್ರಿ ಬಯಲಲ್ಲಿ ಮಲಗಿ ನಾಲ್ಕನೆಯ ದಿನ ಸೇರಬೇಕು.

ನಾನು ಮಾಸ್ತರನಾಗಿದ್ದ ಶಾಲೆಯ ಇಪ್ಪತ್ತು ಮಕ್ಕಳನ್ನು ಸಂಕ್ರಾಂತಿ ರಜೆಯಲ್ಲಿ ಇದೇ ದಾರಿಯಲ್ಲಿ ನಡೆಸಿ, ಹೊಳೆ, ಕೋಟೆ ತೋರಿಸಬೇಕೆಂದು ನನ್ನ ಆಸೆ. ರಜಾಕಾರರ ದಿನಗಳಲ್ಲಿ ಹೊತ್ತು ಮುಳುಗಿದ ಮೇಲೆ ಹೊಸ್ತಿಲು ದಾಟದೆ ಬೆಳೆದ ಮಕ್ಕಳು. ತಾಯಿತಂದೆಯರು ಅಳುಕುತ್ತಲೇ ಒಪ್ಪಿದ್ದರು. ಹೆಡ್ ಮಾಸ್ತರರು ಮಾತ್ರ ಷರತ್ತು ಹಾಕಿದರು. "ಮೊದಲು ನೀವು ಹೋಗಿ ಬರ್ರಿ. ಏನೇನು ಹೊರಬೇಕು ಅಂತ ಪಟ್ಟಿ ಕೊಡ್ರಿ. ಆರು ಸೇರಿನ ಮ್ಯಾಲ ಯಾವ ಹುಡುಗನ ಬೆನ್ನಿಗೂ ಹೊರಿಸಬ್ಯಾಡ್ರಿ. ಒಂದು ಮಗು ಚಳಿಜ್ವರ ಬಂದು ಮಲಗಿತು ಅಂದ್ರ, ಮುಂದ ಯಾರೂ ಕಳಸೂದಿಲ್ಲ."

ಪಟ್ಟಿಯ ಮೊದಲ ಕಲಮನ್ನು ನಾನು ಹೊರಡುವ ಮೊದಲೇ ತರಗತಿಯ ಹಲಗೆಯ ಮೇಲೆ ಬರೆದು ಮಕ್ಕಳಿಂದಲೂ ಬರೆಸಿದ್ದೆ: ಪ್ರತಿಯೊಬ್ಬರೂ ಬಿಸಿನೀರು, ಸಾಬೂನು ಹಾಕಿ ತೊಳೆದ ಕಂಬಳಿ ತರತಕ್ಕದ್ದು. ಅದಕ್ಕೆ ಕಾರಣವಿತ್ತು. ನಮ್ಮದು ದಾಮರಗಿದ್ದದ ಕಡೆಯ ಕುರಿ ಕಾಯುವ ಮನೆ. ಒಂಬತ್ತನೆಯ ವಯಸ್ಸಿಗೆ ಹಾಸ್ಟೆಲು ಸೇರಿದವನು ನಾನು. ನನ್ನ ಕಂಬಳಿಯ ವಾಸನೆಗೆ ಮೂಗು ಮುಚ್ಚಿಕೊಳ್ಳುವವರ ಪಕ್ಕದಲ್ಲೇ ಮಲಗಿ, ಓದಿ, ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಆದೆ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನನ್ನ ಶಾಲೆಯ ಮಕ್ಕಳ ಎದುರು ಯಾರೂ ಮೂಗು ಮುಚ್ಚಬಾರದೆಂಬುದೇ ನನ್ನ ಲೆಕ್ಕ. ನನ್ನ ಕಂಬಳಿಯನ್ನು ಮೂರು ಸಲ ತೊಳೆದಿದ್ದೆ. ಹಿಂದಿನ ಸಂಜೆ ಊರಿಂದ ಬಂದ ಅಪ್ಪ ಅದನ್ನು ಮುಟ್ಟಿ ನೋಡಿ, "ಭಾಳ ಮೆತ್ತಗಾಗೈತಿ" ಎಂದಷ್ಟೇ ಹೇಳಿದ್ದ.

ಹೈದರಾಬಾದಿನ ಗುಜರಿಯಲ್ಲಿ ಕೊಂಡ ಮಿಲಿಟರಿ ಬೆನ್ನುಚೀಲ ನನ್ನದು. ಅದರಲ್ಲಿ ಪಂಪಿನ ಸ್ಟೋವ್, ಸೀಮೆಎಣ್ಣೆ ಶೀಷೆ, ಕಂದೀಲು, ಎರಡು ಪಾತ್ರೆ, ಅಕ್ಕಿ, ಬೇಳೆ, ಸ್ವೆಟರು, ಔಷಧ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಹದಿನಾಲ್ಕು ಸೇರು ತೂಗಿತು. ಅಪ್ಪನ ಗಂಟು ಐದು ಸೇರು: ಒಣಗಿಸಿ ಕಟಕಲು ಮಾಡಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಒಂದು ತಂಬಿಗೆ, ಹಗ್ಗ, ಬೆಂಕಿಪೊಟ್ಟಣ. ಕಂಬಳಿ ಹೆಗಲ ಮೇಲೆ, ಬಡಿಗೆ ಕೈಯಲ್ಲಿ.

ಮೊದಲ ದಿನ ಬಿಸಿಲು ಹಿತವಾಗಿತ್ತು. ಸಂಜೆ ಒಂದು ಕೆರೆಯ ಹತ್ತಿರ ನಿಂತೆವು. ನೀರು ಕೈಗೆ ಸಿಗಲೆಂದು ನಾನು ಕೆರೆಯ ಅಂಚಿನಲ್ಲೇ ಹಾಸಿದೆ. ಅಪ್ಪ ಒಂದು ಹೊಲದಾಚೆ, ದಿಬ್ಬದ ಮೇಲಿದ್ದ ಜೋಳದ ಕಣಕಿ ಬಣವಿಯ ಮರೆಗೆ ಹೋದ. ಚೀಲ ಬಿಚ್ಚಿದರೆ ಶೀಷೆಯ ಬೂಚು ಸಡಿಲಾಗಿ ಸ್ವೆಟರೆಲ್ಲ ಸೀಮೆಎಣ್ಣೆ ಕುಡಿದಿತ್ತು. ರೊಟ್ಟಿ ತಿಂದು ಮಲಗಿದೆ.

ಎದ್ದಾಗ ಹಲ್ಲು ಕಟಕಟ ಎನ್ನುತ್ತಿತ್ತು. ಇಬ್ಬನಿ ಕುಡಿದ ಕಂಬಳಿ ಒದ್ದೆ ಗೋಣಿಯಂತೆ ಮೈಗೆ ಅಂಟಿತ್ತು. ಅಪ್ಪನ ಹತ್ತಿರ ಹೋದೆ. ಅವನ ಕಂಬಳಿಯ ಮೇಲೂ ಇಬ್ಬನಿ ಬಿದ್ದಿತ್ತು. ಆದರೆ ಹನಿಹನಿಯಾಗಿ ಮೇಲೆಯೇ ನಿಂತಿತ್ತು. ಅಪ್ಪ ಎದ್ದು ಒಮ್ಮೆ ಝಾಡಿಸಿದ. ಅಷ್ಟೂ ಉದುರಿತು. ಒಳಮಗ್ಗುಲು ಬೆಚ್ಚಗೆ, ಒಣಗಿಯೇ ಇತ್ತು.

"ಹೊಸ ಕಂಬಳಿಗೆ ಹುಣಸಿಬೀಜದ ಗಂಜಿ ಯಾಕ ಹಚ್ತಾರ ಅಂತ ತಿಳಿದೀ?" ಎಂದ.

"ನೂಲು ಬಿಗಿಯಾಗಲಿ ಅಂತ."

"ಗಾಳಿ, ನೀರು ಒಳಗ ಬರಬಾರ್ದು ಅಂತ. ನೀ ಅದನ್ನ ಸಾಬೂನು ಹಚ್ಚಿ ಹಳ್ಳಕ್ಕ ಬಿಟ್ಟಿ."

"ಗೊತ್ತಿದ್ದೂ ಮೊನ್ನೆ ಯಾಕ ಹೇಳಲಿಲ್ಲ?"

"ಹೇಳಿದ್ರ ಕೇಳತಿದ್ದೇನು? ಬಿ.ಎ. ಆದಾವಗ ಇಬ್ಬನಿನ ಹೇಳಬೇಕಲ್ಲ."

ನಗು ಬಂತು, ಮರುಗಳಿಗೆಯಲ್ಲಿ ನಿಂತಿತು. ಇಪ್ಪತ್ತು ಮಕ್ಕಳು ಬರೆದುಕೊಂಡ ಮೊದಲ ಕಲಮು ನೆನಪಾಯಿತು.

ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಮಕ್ತಲ್ ಮುಟ್ಟಿದೆವು. ಅಲ್ಲಿ ಅಪ್ಪ ಉಣ್ಣೆ ಕೊಡುತ್ತಿದ್ದ ಒಂದು ಕಂಬಳಿ ನೇಯುವ ಮನೆ ಇತ್ತು. ಮನೆಯೊಡತಿ ನಿಂಗಮ್ಮ ನನ್ನ ಕಂಬಳಿ ಬಿಡಿಸಿ ಬಿಸಿಲಿಗೆ ಹಿಡಿದರು. "ಅಯ್ಯ ಶಿವನ! ಕುರುಬರ ಮಗ ಕಂಬಳಿ ತೊಳದಾನ. ಕಾಲೇಜಿನ್ಯಾಗ ಇದನ್ನ ಕಲಿಸ್ತಾರೇನ್ರೀ?" ಎಂದು ಓಣಿಗೆಲ್ಲ ಕೇಳುವಂತೆ ನಕ್ಕರು. ನಗುನಗುತ್ತಲೇ ಸಿದ್ಧವಿದ್ದ ಗಂಜಿಯ ಗಡಿಗೆ ಒಲೆಯ ಮೇಲಿಟ್ಟರು.

ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಅಂಟಾಗುವ ತನಕ ಕುದಿಸುತ್ತಾರೆ. ಕಂಬಳಿಯನ್ನು ಎಳೆದು ಕಟ್ಟಿ ಎರಡೂ ಮಗ್ಗುಲಿಗೆ ಕುಂಚದಿಂದ ಹಚ್ಚುತ್ತಾರೆ. ಬಿಸಿಲಲ್ಲಿ ಒಣಗಲು ಇಡೀ ಮಧ್ಯಾಹ್ನ ಬೇಕು. ಪ್ರಮಾಣವನ್ನೆಲ್ಲ ನನ್ನ ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. "ಬರಕೊಳ್ರಿ, ಬರಕೊಳ್ರಿ. ನಮ್ಮತ್ತಿ ಬರೀ ಕೈಮ್ಯಾಲ ಹೊಡದು ಕಲಿಸಿದ್ಳು" ಎಂದರು ನಿಂಗಮ್ಮ. ಸ್ಟೋವು, ಕಂದೀಲು, ಪಾತ್ರೆಗಳನ್ನು ಅವರ ಮನೆಯಲ್ಲೇ ಬಿಟ್ಟೆ. ಚೀಲ ಏಳು ಸೇರಿಗೆ ಇಳಿಯಿತು. ಆ ರಾತ್ರಿ ಊರಾಚೆ ಅಪ್ಪ ತೋರಿಸಿದ ದಿಬ್ಬದ ಮೇಲೆ ಮಲಗಿ, ಹೊತ್ತೇರಿದ ಮೇಲೆ ಎದ್ದೆ.

ಕಳೆದ ಅರ್ಧ ದಿನ ತುಂಬಿಸಲು ಮೂರನೆಯ ದಿನ ಹದಿನಾಲ್ಕು ಮೈಲು ನಡೆದು ಹೊಳೆದಂಡೆಯಲ್ಲಿ ತಂಗಿದೆವು. ಬೆಳಗ್ಗೆ ಹರಿಗೋಲಿನ ಅಂಬಿಗ ತಲೆಗೆ ಎರಡಾಣೆ ಕೇಳಿದ. ಚೀಲದ ಕಡೆ ಕೈ ಮಾಡಿ, "ಇವಯ್ಯಗೂ ಒಂದಾಣೆ ಕೊಡ್ರಿ, ನಿಮ್ಮಪ್ಪಗಿಂತ ದಪ್ಪ ಅದಾನ" ಎಂದ. ಕೊಟ್ಟೆ. ಪಟ್ಟಿಯಿಂದ ಮತ್ತೆ ಒಂದು ಸೇರು ಕಡಿಮೆ ಮಾಡಿದೆ.

ಅಂದೇ ಸಂಜೆ ಗದ್ವಾಲಿನ ಕೋಟೆಗೋಡೆ ಕಂಡಿತು. ಮಕ್ಕಳು ಮಲಗಲು ಗಾಳಿ ತಾಕದ ಜಾಗವನ್ನು ಅಪ್ಪ ಸುತ್ತಲೂ ತಿರುಗಿ ಆರಿಸಿದ. ಮರುದಿನ ರೈಲಿನಲ್ಲಿ ಮೆಹಬೂಬನಗರ, ಅಲ್ಲಿಂದ ಬಸ್ಸು.

ನಾರಾಯಣಪೇಟೆಯಲ್ಲಿ ಇಳಿದು ಓಣಿಗೆ ತಿರುಗಿದೆವು. ಗೋಡೆಗೋಡೆಯ ಮೇಲೂ ಕಂಬಳಿ ಒಣಗುತ್ತಿದ್ದವು. ಮಾಸ್ತರನಾದ ನನ್ನ ಮಾತನ್ನು ತಾಯಂದಿರು ನಡೆಸಿದ್ದರು.

ಭಾನುವಾರ ಶಾಲೆಯ ಅಂಗಳದಲ್ಲಿ ಮೂರು ಕಲ್ಲು ಹೂಡಿ ಅಪ್ಪ ಗಂಜಿ ಕಾಸಿದ. ಹೆಡ್ ಮಾಸ್ತರರು ಒಣಗಿದ ಮೊದಲ ಕಂಬಳಿಯ ಮೇಲೆ ಲೋಟ ನೀರು ಸುರಿದು, ಕೆಳಗೆ ಕೈಯಿಟ್ಟು ನೋಡಿ, ಪಟ್ಟಿಗೆ ಸಹಿ ಹಾಕಿದರು.

ಒಬ್ಬ ಹುಡುಗನ ತಾಯಿ ಸೊಂಟದ ಮೇಲೆ ಕೈಯಿಟ್ಟು ಎಲ್ಲರೆದುರು ಕೇಳಿದರು: "ಹ್ವಾದ ವಾರ ತೊಳೀರಿ ಅಂದ್ರಿ, ಈ ವಾರ ಗಂಜಿ ಹಚ್ರಿ ಅಂತೀರಿ. ಯಾವುದು ಖರೆ ಮಾಸ್ತರ?"

"ಈ ವಾರದ್ದು ಖರೆ. ಹ್ವಾದ ವಾರ ನನಗ ಗೊತ್ತಿರಲಿಲ್ಲವ್ವ" ಎಂದೆ. ಬಿ.ಎ. ಪರೀಕ್ಷೆಯ ಯಾವ ಉತ್ತರಕ್ಕೂ ನಾನು ಅಷ್ಟು ಬೆವರಿರಲಿಲ್ಲ. ಅಪ್ಪ ತಲೆಯೆತ್ತಲಿಲ್ಲ, ಗಂಜಿ ತಿರುವುತ್ತಲೇ ಇದ್ದ.

ಸಂಜೆ ಅವನು ಕುರಿಗಳಿದ್ದಲ್ಲಿಗೆ ಹೊರಟ. ತನ್ನ ಹಳೆಯ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, "ನಿನ್ನದನ್ನ ಮತ್ತ ತೊಳದೀಯ, ಜೋಕಿ" ಎಂದ. ದಾಮರಗಿದ್ದದ ದಾರಿ ತಿರುಗುವವರೆಗೆ ಆ ಕರೀ ಕೊಪ್ಪೆ ಕಾಣುತ್ತಿತ್ತು. ನಾನು ತರಗತಿಯೊಳಗೆ ಬಂದು ಹಲಗೆಯ ಮೇಲಿನ ಮೊದಲ ಕಲಮನ್ನು ಅಳಿಸಿದೆ.