ಬನ್ನು ಟೋಸ್ಟು ಮತ್ತು ಮೊಟ್ಟೆಯ ಸಿಪ್ಪೆ

ಆ ಮೊಟ್ಟೆಯ ಸಿಪ್ಪೆಯನ್ನು ನಮ್ಮ ಅಡುಗೆಮನೆಯ ಕಸದ ಬುಟ್ಟಿಗೆ ಹಾಕಿದವಳು ನಾನು. ಸವಿತಾ ಅಲ್ಲ. ಐದು ವರ್ಷ ಈ ಮಾತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಇಟ್ಟುಕೊಂಡಿದ್ದೇನೆ. ಇನ್ನು ಇಟ್ಟುಕೊಳ್ಳಲಾರೆ.

ಸವಿತಾ ನನ್ನ ಮೈದುನನ ಹೆಂಡತಿ, ನನಗೆ ನೆಗೆಣ್ಣಿ. ಲಿಂಗಸುಗೂರಿನ ಹುಡುಗಿ. ಅವಳು ಸಿಂಧನೂರಿನ ನಮ್ಮ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ನಾನು ಆ ಒಲೆಯ ಮುಂದೆ ಹನ್ನೊಂದು ವರ್ಷ ಕಳೆದಿದ್ದೆ. ದಿನಾ ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ಡಬ್ಬಿ ಕಟ್ಟಿಕೊಂಡು, ಬಸ್ಸು ಹಿಡಿದು ಬಳಗಾನೂರಿನ ಕಡೆಯ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದೆ. ನನ್ನ ರೊಟ್ಟಿ ಹಾಳೆಯಷ್ಟು ತೆಳ್ಳಗೆ ಎಂದು ಓಣಿಯವರೆಲ್ಲ ಹೇಳುತ್ತಿದ್ದರು. ಅತ್ತೆ ಮಾತ್ರ ಒಂದು ದಿನವೂ ಹೇಳಲಿಲ್ಲ. ಉಣ್ಣುತ್ತಿದ್ದರು, ಕೈ ತೊಳೆದು ಏಳುತ್ತಿದ್ದರು. ಹೊಗಳಲು ಬಾರದ ಜೀವ, ಏನು ಮಾಡುವುದು ಎಂದು ಸಮಾಧಾನ ಮಾಡಿಕೊಂಡಿದ್ದೆ.

ಸವಿತಾ ಬಂದ ವರ್ಷ ಅತ್ತೆಯ ಹಲ್ಲುಗಳನ್ನೆಲ್ಲ ಕೀಳಿಸಿದ್ದೆವು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕೊಟ್ಟರೂ ಒಸಡು ನೋಯುತ್ತದೆ ಎಂದು ತಾಟು ಸರಿಸಿಬಿಡುತ್ತಿದ್ದರು. ಒಂದು ಸಂಜೆ ಸವಿತಾ ಬೇಕರಿಯಿಂದ ನಾಲ್ಕು ಸಿಹಿ ಬನ್ನು ತಂದಳು. ಹೋಳು ಮಾಡಿ, ಹಾಲಿಗೆ ಕಸ್ಟರ್ಡ್ ಪುಡಿ, ಸಕ್ಕರೆ, ಏಲಕ್ಕಿ ಕಲಸಿ, ಅದರಲ್ಲಿ ಅದ್ದಿ ಹಂಚಿನ ಮೇಲೆ ತುಪ್ಪ ಬಿಟ್ಟು ಬೇಯಿಸಿದಳು. ಫೋನಿನಲ್ಲಿ ನೋಡಿದ್ದಂತೆ, ಫ್ರೆಂಚ್ ಟೋಸ್ಟ್ ಅಂತೆ. ಅದಕ್ಕೆ ಮೊಟ್ಟೆ ಹಾಕುತ್ತಾರೆ, ನಮ್ಮ ಮನೆಯಲ್ಲಿ ಮೊಟ್ಟೆ ನಡೆಯುವುದಿಲ್ಲವಲ್ಲ, ಅದಕ್ಕೇ ಕಸ್ಟರ್ಡ್ ಎಂದು ಅವಳೇ ನನಗೆ ಹೇಳಿದಳು. ನಂಬಿ ಹೇಳಿದಳು.

ಅತ್ತೆ ಎರಡು ಹೋಳು ತಿಂದು ಮೂರನೆಯದಕ್ಕೆ ಕೈ ಚಾಚಿದರು. ಇದು ಬನ್ನಿನ ಹೋಳಿಗೆ ಎಂದು ತಾವೇ ಹೆಸರಿಟ್ಟು ನಕ್ಕರು. ಆಮೇಲೆ ಸವಿತಾಳ ತಲೆ ಸವರಿ ಅಂದರು:

"ನಮ್ಮವ್ವ ಹೋದ ಮ್ಯಾಲ ಹಿಂಗ ಯಾರೂ ನನಗ ಮಾಡಿ ತಿನಿಸಿದ್ದಿಲ್ಲ ನೋಡವಾ."

ಯಾರೂ ಇಲ್ಲ — ನಾನು ಅಲ್ಲೇ ನಿಂತಿದ್ದೆ, ಜೋಳದ ಹಿಟ್ಟು ಮೆತ್ತಿದ ಕೈಯಲ್ಲಿ.

ನನಗೆ ಹೊಟ್ಟೆಕಿಚ್ಚಾಯಿತು. ಬೇರೆ ಚೆಂದದ ಹೆಸರು ಅದಕ್ಕೆ ಹುಡುಕುವುದಿಲ್ಲ. ದಿನಾ ಸಂಜೆ ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುವಾಗಲೇ ಆ ತುಪ್ಪದ ವಾಸನೆ, ಒಳಗೆ ಅವರಿಬ್ಬರ ನಗು. ಒಂದು ಭಾನುವಾರ ನಾನೂ ಮಾಡಿದೆ. ಹಾಲಿನಲ್ಲಿ ಹೆಚ್ಚು ಹೊತ್ತು ಬಿಟ್ಟೆನೋ ಏನೋ, ಬನ್ನೆಲ್ಲ ಮುದ್ದೆಯಾಗಿ ಹಂಚಿಗೆ ಹತ್ತಿತು. ಅತ್ತೆ ಒಂದು ತುತ್ತು ತಿಂದು, ಇರಲಿ ಬಿಡು, ಅದನ್ನು ಸವಿತಾಳೇ ಮಾಡಲಿ ಎಂದರು. ಬೈಯಲಿಲ್ಲ. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ನಮ್ಮ ಶಾಲೆಯಲ್ಲಿ ಬಿಸಿಯೂಟದ ಜೊತೆ ಮಕ್ಕಳಿಗೆ ಬೇಯಿಸಿದ ಮೊಟ್ಟೆ ಕೊಡುತ್ತಾರೆ. ನಾನು ಮುಟ್ಟಿದವಳಲ್ಲ, ದೂರ ನಿಂತು ಬಡಿಸಲು ಹೇಳುತ್ತಿದ್ದೆ. ಆ ದಿನ ಮಕ್ಕಳು ಸುಲಿದು ಬಿಟ್ಟುಹೋದ ಸಿಪ್ಪೆಯ ಚೂರುಗಳನ್ನು ಒಂದು ಹಾಳೆಯಲ್ಲಿ ಕಟ್ಟಿ ಬ್ಯಾಗಿಗೆ ಹಾಕಿಕೊಂಡೆ. ಏಕೆ ಎಂದು ಆಗ ನನಗೇ ತಿಳಿಯಲಿಲ್ಲ ಎಂದು ಬರೆಯಬಹುದು — ಆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ತಿಳಿದಿತ್ತು. ಬಸ್ಸಿನಲ್ಲಿ ಬರುವಾಗ ಎಲ್ಲಿ ಹಾಕಬೇಕು ಎಂದೂ ಯೋಚಿಸಿಟ್ಟಿದ್ದೆ.

ಬುಟ್ಟಿಯಲ್ಲಿ, ಬನ್ನಿನ ಖಾಲಿ ಪೊಟ್ಟಣದ ಕೆಳಗೆ ಹಾಕಿದೆ. ಅತ್ತೆ ಟೋಸ್ಟು ತಿಂದು ಮುಗಿಸುವವರೆಗೆ ಕಾದೆ. ಕಸ ತೆಗೆಯುವವಳಂತೆ ಬುಟ್ಟಿಯನ್ನು ಅವರ ಮುಂದೆಯೇ ತಂದು, "ಅತ್ತೀ, ಇದೇನೈತಿ ನೋಡ್ರಿ" ಎಂದೆ. ಅಷ್ಟೇ ಅಂದದ್ದು. ನಾನು ಸುಳ್ಳನ್ನೇನೂ ಹೇಳಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ.

ಲಿಂಗಪೂಜೆಯಾಗದೆ ನೀರು ಮುಟ್ಟದ ಹೆಂಗಸು ಅವರು. ಗಂಟಲಿಗೆ ಬೆರಳು ಹಾಕಿ ಕಾರಿಕೊಂಡರು, ತಣ್ಣೀರು ಸುರಿದುಕೊಂಡರು, ಎರಡು ದಿನ ಉಪವಾಸ ಕುಳಿತರು. ಸವಿತಾ ಆ ಚೂರುಗಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಹಾಕಿಲ್ಲ ಎಂದು ಒಂದೇ ಸಲ ಹೇಳಿ ಸುಮ್ಮನಾದಳು. ಮತ್ತೇಕೆ ವಾದಿಸಲಿಲ್ಲ ಎಂದು ನನಗೆ ಆಶ್ಚರ್ಯವಾಗಿತ್ತು. ಅಂದಿನಿಂದ ಅತ್ತೆ ಅವಳ ಕೈಯ ನೀರನ್ನೂ ಕುಡಿಯಲಿಲ್ಲ. ಮಗಳಿಗೆ ಇದನ್ನೇ ಕಲಿಸಿದ್ದಾ ಎಂದು ಅವಳ ತವರಿಗೂ ಹೇಳಿಕಳಿಸಿದರು. ಮೂರು ತಿಂಗಳಿಗೆ ಮೈದುನ ಮಸ್ಕಿಯಲ್ಲಿ ಬೇರೆ ಮನೆ ಮಾಡಿದ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ.

ಹೋದ ವರ್ಷ ಅತ್ತೆ ಹಾಸಿಗೆ ಹಿಡಿದರು. ಗಂಟಲಿನಲ್ಲಿ ಏನೂ ಇಳಿಯುತ್ತಿರಲಿಲ್ಲ. ಸವಿತಾ ಮಸ್ಕಿಯಿಂದ ಬಸ್ಸಿನಲ್ಲಿ ಬಂದಳು, ಸೆರಗಿನಲ್ಲಿ ಸುತ್ತಿದ ಸ್ಟೀಲ್ ಡಬ್ಬಿಯಲ್ಲಿ ಅದೇ ಟೋಸ್ಟು, ಇನ್ನೂ ಬೆಚ್ಚಗಿತ್ತು. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿ, ಬೇಡವೆಂದು ಹೇಳು ಅವಳಿಗೆ ಎಂದು ನನಗೆ ಹೇಳಿದರು. ಆಗ ಒಂದು ಮಾತು — ಒಂದೇ ಒಂದು ಮಾತು — ಸಾಕಿತ್ತು.

"ಬ್ಯಾಡಂತ," ಎಂದೆ ಸವಿತಾಳಿಗೆ.

ಅವಳು ಡಬ್ಬಿ ಮುಚ್ಚಿದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ನನಗಷ್ಟೇ ಕೇಳುವಂತೆ ಹೇಳಿದಳು:

"ಅಕ್ಕಾ, ಆ ಸಿಪ್ಪಿ ಕುದಿಸಿದ ತತ್ತೀದ್ರಿ. ಹಸೀ ತತ್ತಿ ಒಡದ್ರ ಎರಡ ಹೋಳ ಆಗ್ತದ, ಹಂಗ ಚೂರಚೂರ ಆಗಂಗಿಲ್ಲ. ಆವತ್ತ ನೋಡೀನಿ ನಾ."

ನನಗೆ ಗೊತ್ತಿರಲಿಲ್ಲ. ಮೊಟ್ಟೆ ಒಡೆದು ಗೊತ್ತಿದ್ದರೆ ತಾನೆ! ಮದುವೆಗೆ ಮೊದಲು ಹಾಸ್ಟೆಲಿನಲ್ಲಿ ಓದುವಾಗ ಅವಳು ಗೆಳತಿಯರ ಜೊತೆ ಮೊಟ್ಟೆ ಬೇಯಿಸಿ ತಿಂದಿದ್ದಳಂತೆ; ಅದನ್ನೂ ಬಾಗಿಲಲ್ಲೇ ಹೇಳಿದಳು. ಅಂದು ಬಾಯಿ ಬಿಟ್ಟಿದ್ದರೆ, ಇದೆಲ್ಲ ನಿನಗೆ ಹೇಗೆ ಗೊತ್ತು ಎಂದು ಅತ್ತೆ ಕೇಳುತ್ತಿದ್ದರು. ಹಾಗಾಗಿ ಮಾಡದ ತಪ್ಪನ್ನು ಹೊತ್ತು ಹೋದಳು. ನಮ್ಮ ಮನೆಯಲ್ಲಿ ಬೇಯಿಸಿದ ಮೊಟ್ಟೆ ಇರುವ ಜಾಗಕ್ಕೆ ಹೋಗಿ ಬರುವವಳು ನಾನೊಬ್ಬಳೇ ಎಂಬುದು ಅವಳಿಗೆ ಮೊದಲ ದಿನದಿಂದ ತಿಳಿದಿತ್ತು. ನಾಚಿಕೆಯ ಮಾತು ಕೇಳಿ — ಆ ಕ್ಷಣದಲ್ಲೂ ಅವಳ ತಾಳ್ಮೆಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಇನ್ನೂ ನಾಲ್ಕು ದಿನ ಅತ್ತೆಗೆ ಜೀವವಿತ್ತು, ಅರಿವೂ ಇತ್ತು. ನಾನು ಪಕ್ಕದಲ್ಲೇ ಕುಳಿತು ಗಂಜಿಯ ನೀರು ಹಾಕುತ್ತಿದ್ದೆ. ಮೂರನೆಯ ದಿನ ನನ್ನ ಕೈ ಹಿಡಿದು, "ನೀನ ನನ್ನವ್ವ ಬೇ" ಅಂದರು. ಎಷ್ಟು ವರ್ಷ ಕಾದಿದ್ದೆ ಈ ಮಾತಿಗೆ! ನಿಜ ಹೇಳಿದರೆ ಅದನ್ನು ಹಿಂದಕ್ಕೆ ಕೊಡಬೇಕಾಗುತ್ತಿತ್ತು. ಕೊಡಲಿಲ್ಲ. ಸಿಪ್ಪೆ ಹಾಕಿದ್ದಕ್ಕಿಂತ ಈ ನಾಲ್ಕು ದಿನದ ಪಾಪವೇ ದೊಡ್ಡದು ಎಂದು ಈಗ ಅನ್ನಿಸುತ್ತದೆ.

ಅತ್ತೆ ಸತ್ತ ಆರು ತಿಂಗಳಿಗೆ ಸೊಸೆಯ ಕಣ್ಣಲ್ಲಿ ನೀರು ಎಂದು ಜನ ನಗುತ್ತಾರೆ. ನನಗೆ ಒಂದು ವರ್ಷವೇ ಬೇಕಾಯಿತು. ಬರುವ ಸೋಮವಾರ ಅವರ ವರ್ಷದ ಪೂಜೆ, ಬಳಗವೆಲ್ಲ ಸೇರುತ್ತದೆ. ನಿನ್ನೆ ಸವಿತಾಳಿಗೆ ಫೋನು ಮಾಡಿ, ಪಂಕ್ತಿ ಕೂರುವ ಮೊದಲು ಎಲ್ಲರ ಮುಂದೆ ಹೇಳಿಬಿಡುತ್ತೇನೆ ಎಂದೆ. ಹೋಗಲಿ ಬಿಡಿ ಅಕ್ಕಾ, ಈಗ್ಯಾಕೆ ಅನ್ನುತ್ತಾಳೆ ಎಂದು ಒಳಗೊಳಗೇ ಕಾಯುತ್ತಿದ್ದೆ.

ಅವಳು ಹಾಗೆ ಅನ್ನಲಿಲ್ಲ.

"ಹೇಳ್ರಿ," ಅಂದಳು. "ನಮ್ಮ ತವರುಮನಿಯವ್ರಿಗೂ ಬರ್ರಿ ಅಂತ ಹೇಳ್ತೀನಿ."

ಹೇಳುತ್ತೇನೆ. ಅವಳ ತಾಯಿ-ತಂದೆ ಬಂದು ಕುಳಿತ ಮೇಲೆಯೇ ಹೇಳುತ್ತೇನೆ.